ಚಾಲಿ, ಕೆಂಪಡಿಕೆ ಮತ್ತು ನೂರು ಮನೆಯ ಹಲಗೆ

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಇಸ್ಪೀಟಿನ ಕಟ್ಟುಗಳು ಅಟ್ಟದ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಅವು ಜಗಲಿಗೆ ಬರುವುದು ಅತ್ತೆಗೆ ಇಷ್ಟವಿರಲಿಲ್ಲ. ಎಲೆ ಎಂದರೆ ದುಡ್ಡು ಕಟ್ಟುವುದು, ರಾತ್ರಿಯೆಲ್ಲ ಕೂರುವುದು, ಬೆಳಗ್ಗೆ ಜಗಳ ಎಂಬುದು ಅವರು ಕಣ್ಣಾರೆ ಕಂಡ ಸತ್ಯ. ಅವರೇ ಈಗ ರಾತ್ರಿ ಊಟದ ಎಲೆ ತೆಗೆಯುವ ಮೊದಲೇ "ಹಲಗೆ ಎಲ್ಲಿದೆ?" ಎಂದು ಕೇಳುತ್ತಾರೆ. ಆ ಹಲಗೆಯನ್ನು ನಾನು ಮಾಡಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಟದ ಹೆಸರು ಸೀಕ್ವೆನ್ಸ್. ಅಮೆರಿಕದ ಮಿನ್ನೆಸೋಟದ ಡಗ್ ರಾಯ್ಟರ್ ರೂಪಿಸಿದ ಈ ಆಟವನ್ನು ಜ್ಯಾಕ್ಸ್ ಎಂಬ ಕಂಪನಿ 1982ರಲ್ಲಿ ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ತಂಗಿಯ ಮನೆಯಲ್ಲಿ ಒಮ್ಮೆ ಆಡಿ ಬಂದವಳಿಗೆ, ಇದನ್ನು ಮನೆಯಲ್ಲೇ ಮಾಡಬಹುದು ಅನ್ನಿಸಿತು. ಹಲಗೆಯಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಮನೆ. ನಾಲ್ಕು ಮೂಲೆಯ ಮನೆಗಳು ಎಲ್ಲರಿಗೂ ಸೇರಿದವು. ಉಳಿದ 96 ಮನೆಗಳಲ್ಲಿ ಗುಲಾಮನನ್ನು ಬಿಟ್ಟು ಉಳಿದ 48 ಎಲೆಗಳು ಎರಡೆರಡು ಸಲ ಬರುತ್ತವೆ. ಕೈಯಲ್ಲಿರುವ ಎಲೆಯನ್ನು ಇಳಿಸಿ, ಹಲಗೆಯ ಮೇಲೆ ಅದೇ ಎಲೆಯ ಮನೆಯಲ್ಲಿ ನಮ್ಮ ಕಾಯಿ ಇಟ್ಟು, ಕಟ್ಟಿನಿಂದ ಹೊಸ ಎಲೆ ಎತ್ತಿಕೊಳ್ಳಬೇಕು. ಅಡ್ಡ, ಉದ್ದ, ಓರೆ, ಹೇಗಾದರೂ ಸರಿ, ಐದು ಕಾಯಿ ಒಂದು ಸಾಲಾಗಬೇಕು. ಎರಡು ತಂಡಗಳಿದ್ದರೆ ಗೆಲ್ಲಲು ಅಂಥ ಎರಡು ಸಾಲು ಬೇಕು.

ಹಲಗೆಗೆಂದು ಎಲೆಗಳನ್ನು ಇಡಿಯಾಗಿ ಅಂಟಿಸಲು ಹೋಗಬೇಡಿ, ಚಾಪೆಯಷ್ಟು ದೊಡ್ಡದಾಗುತ್ತದೆ. ಪ್ರತಿ ಎಲೆಯಲ್ಲೂ ಎದುರುಬದುರಿನ ಎರಡು ಮೂಲೆಗಳಲ್ಲಿ ಅಂಕಿ ಮತ್ತು ಗುರುತು ಇರುತ್ತದಲ್ಲ, ಅವೆರಡನ್ನೂ ಕತ್ತರಿಸಿಕೊಂಡರೆ ಒಂದೇ ಹಳೆಯ ಕಟ್ಟಿನಿಂದ 96 ತುಂಡು ಸಿಗುತ್ತವೆ. ಪ್ಲೈವುಡ್ ತುಂಡಿನ ಮೇಲೆ ಐದು ಸೆಂಟಿಮೀಟರಿನ ಚೌಕಗಳನ್ನು ಎಳೆದು, ಒಂದೊಂದನ್ನೂ ಚೌಕದ ಎಡತುದಿಗೆ ಅಂಟಿಸಿದೆ.

ಮೊದಲ ಹಲಗೆ ಎರಡು ಕಾರಣಕ್ಕೆ ಹಾಳಾಯಿತು. ಮೈದಾ ಅಂಟು ಬಳಸಿದ್ದೆ. ಆಷಾಢದ ಮಳೆಗೆ ಹತ್ತೇ ದಿನದಲ್ಲಿ ಬೂಸ್ಟು ಹಿಡಿಯಿತು. ಎರಡನೆಯದು ಇದಕ್ಕಿಂತ ದೊಡ್ಡ ತಪ್ಪು: ಒಂದೇ ಎಲೆಯ ಎರಡು ಮನೆಗಳನ್ನು ಅಕ್ಕಪಕ್ಕ ಬರುವಂತೆ ಅಂಟಿಸಿದ್ದೆ. ಆಗ ಎಲ್ಲಿ ಇಡಲಿ ಎಂಬ ಯೋಚನೆಗೇ ಜಾಗವಿಲ್ಲ, ಯಾವುದರಲ್ಲಿ ಇಟ್ಟರೂ ಒಂದೇ. ಎರಡು ದೂರದ ಮನೆಗಳಲ್ಲಿ ಒಂದನ್ನು ಆರಿಸಿಕೊಳ್ಳುವಾಗಲೇ ಈ ಆಟಕ್ಕೆ ಜೀವ ಬರುವುದು. ಮರುಸಲ ಲೆಕ್ಕ ಹಾಕಿದೆ. ಮೇಲಿನ ಐದು ಸಾಲುಗಳಲ್ಲಿ ಎರಡು ಮೂಲೆ ಬಿಟ್ಟರೆ ಸರಿಯಾಗಿ 48 ಮನೆ. ಅಲ್ಲಿ ಒಂದು ಸುತ್ತು ಎಲೆ, ಕೆಳಗಿನ ಅರ್ಧದಲ್ಲಿ ಬೇರೆ ಕ್ರಮದಲ್ಲಿ ಇನ್ನೊಂದು ಸುತ್ತು. ನಡುವಿನ ಗೆರೆಯ ಹತ್ತಿರ ಮಾತ್ರ ಒಂದೇ ಎಲೆ ಎದುರಾಗದಂತೆ ನೋಡಿಕೊಂಡೆ. ಈ ಸಲ ಫೆವಿಕಾಲ್ ಹಚ್ಚಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಮೂರನೇ ಮಳೆಗಾಲಕ್ಕೂ ಗಟ್ಟಿಯಾಗಿದೆ.

ಕಾಯಿಗಳಿಗಾಗಿ ಪೇಟೆಗೆ ಹೋಗುವುದು ಬೇಡವೆಂದು ಮಾವಯ್ಯನೇ ಹೇಳಿದರು. ಒಂದು ತಂಡಕ್ಕೆ ಚಾಲಿ, ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆ; ಇನ್ನೊಂದಕ್ಕೆ ಬೇಯಿಸಿ ಒಣಗಿಸಿದ ಕೆಂಪಡಿಕೆ. ಇಡೀ ಚಾಲಿ ಉರುಳುತ್ತದೆ, ಅದಕ್ಕೆ ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಕತ್ತರಿಸಿದ ಮುಖ ಕೆಳಗೆ ಮಾಡಿ ಇಡುತ್ತೇವೆ. ಕೆಂಪಿನಲ್ಲಿ ಬೆಟ್ಟೆ ಎಂಬ ಚಪ್ಪಟೆ ಬಗೆಯೇ ಒಳ್ಳೆಯದು. ತಂಡಕ್ಕೆ ಐವತ್ತು ಕಾಯಿ ಇದ್ದರೆ ಧಾರಾಳ.

ಆಡಲು ಬೇರೆ ಎರಡು ಪೂರ್ತಿ ಕಟ್ಟು ಕಲಸಬೇಕು, 104 ಎಲೆ. ನಾಲ್ವರಾದರೆ ತಲಾ ಆರು, ಇಬ್ಬರೇ ಆದರೆ ಏಳು. ಜೊತೆಗಾರರು ಇಪ್ಪತ್ತೆಂಟು ಎಂಬ ಎಲೆಯಾಟದಲ್ಲಿ ಕೂರುವ ಹಾಗೆ ಒಬ್ಬರು ಬಿಟ್ಟು ಒಬ್ಬರು ಕೂರಬೇಕು, ಸನ್ನೆ ಮಾಡುವಂತಿಲ್ಲ. ಎಲೆ ಇಳಿಸಿ ಹೊಸದನ್ನು ಎತ್ತಲು ಮರೆತು, ಮುಂದಿನವರು ಆಡಿ ತಮ್ಮ ಎಲೆ ಎತ್ತಿಕೊಂಡರೆಂದರೆ, ಉಳಿದ ಆಟವನ್ನು ಒಂದು ಎಲೆ ಕಡಿಮೆ ಇಟ್ಟುಕೊಂಡೇ ಆಡಬೇಕು. ಇದು ಕಠಿಣ ನಿಯಮ, ಆದರೆ ಸಡಿಲಿಸಬೇಡಿ. ಮಕ್ಕಳು ಗಮನ ಇಡುವುದನ್ನು ಕಲಿತದ್ದೇ ಇದರಿಂದ.

ಗುಲಾಮರ ಕಥೆಯೇ ಬೇರೆ. ಮೊದಲ ದಿನ ಅತ್ತೆ ಕನ್ನಡಕ ಏರಿಸಿ ಇಸ್ಪೀಟಿನ ಗುಲಾಮನನ್ನು ದೀಪದ ಹತ್ತಿರ ಹಿಡಿದು ನೋಡಿದರು. "ಇವನಿಗೆ ಒಂದೇ ಕಣ್ಣು ಬರೆದಿದ್ದಾರಲ್ಲೇ" ಎಂದರು. ಎಷ್ಟೋ ವರ್ಷದಿಂದ ಎಲೆ ಹಿಡಿದ ನನ್ನ ಗಂಡನೂ ಅದನ್ನು ಗಮನಿಸಿರಲಿಲ್ಲ. ಇಸ್ಪೀಟು ಮತ್ತು ಆಟಿನ್ ಗುಲಾಮರು ಪಕ್ಕಕ್ಕೆ ಮುಖ ತಿರುಗಿಸಿದ ಒಕ್ಕಣ್ಣರು: ಎದುರಾಳಿಯ ಒಂದು ಕಾಯಿಯನ್ನು ಎತ್ತಿ ಹಾಕುತ್ತಾರೆ, ಆದರೆ ಪೂರ್ತಿಯಾದ ಸಾಲನ್ನು ಮುಟ್ಟುವಂತಿಲ್ಲ. ಕಳಾವರ್ ಮತ್ತು ಡೈಮಂಡ್ ಗುಲಾಮರಿಗೆ ಎರಡು ಕಣ್ಣು: ಖಾಲಿ ಇರುವ ಯಾವ ಮನೆಯಲ್ಲಾದರೂ ನಮ್ಮ ಕಾಯಿ ಇಡಿಸುತ್ತಾರೆ. ಎರಡು ಕಟ್ಟು ಸೇರಿ ಇಂಥವರು ನಾಲ್ವರು, ಅಂಥವರು ನಾಲ್ವರು.

ಜಾಣತನವೆಲ್ಲ ಲೆಕ್ಕದಲ್ಲಿದೆ. ಒಂದು ಎಲೆಗೆ ಎರಡೇ ಪ್ರತಿ, ಎರಡೇ ಮನೆ. ಇದನ್ನು ನನಗೆ ಅರ್ಥ ಮಾಡಿಸಿದವರು ಅತ್ತೆ. ಒಂದು ರಾತ್ರಿ ನನ್ನ ನಾಲ್ಕು ಚಾಲಿ ಸಾಲಾಗಿದ್ದವು. ಕಳಾವರ್ ಒಂಬತ್ತು ಬಂದರೆ ಎರಡನೇ ಸಾಲು ಮುಗಿದು ಆಟವೂ ಮುಗಿಯುತ್ತಿತ್ತು. ಒಂದು ಒಂಬತ್ತು ಆಗಲೇ ಮೇಲಿನ ಅರ್ಧದಲ್ಲಿ ಕೂತಿತ್ತು. ಎರಡು ಕಣ್ಣಿನ ನಾಲ್ವರು ಗುಲಾಮರೂ ಇಳಿದಾಗಿತ್ತು. ನಾನು ಸುತ್ತಿನ ಮೇಲೆ ಸುತ್ತು ಕಾದೆ. ಅತ್ತೆ ಆ ಮನೆಯತ್ತ ತಿರುಗಿಯೂ ನೋಡದೆ ಬೇರೆ ಕಡೆ ಕೆಂಪಡಿಕೆ ಇಡುತ್ತಾ ಹೋದರು, ಗೆದ್ದೂ ಬಿಟ್ಟರು. ಕೊನೆಗೆ ಕೈಯ ಎಲೆ ಮಗುಚಿ ತೋರಿಸಿದರು: ಕಳಾವರ್ ಒಂಬತ್ತು. "ಇದು ನನ್ನ ಕೈಯಲ್ಲಿರುವ ತನಕ ಆ ಮನೆಗೆ ನೀನು ಬರುವುದು ಹೇಗೆ? ಅಲ್ಲಿ ಕಾಯಿ ಇಟ್ಟು ಒಂದು ಸರದಿ ಯಾಕೆ ಕಳೆಯಲಿ?" ಚೆನ್ನೆಮಣೆಯ ಗುಳಿಗಳಲ್ಲಿ ಬೀಜ ಎಣಿಸಿ ಆಡುತ್ತ ಬೆಳೆದವರ ತಲೆ ಅದು.

ಕಳೆದ ಚೌತಿಗೆ ಮನೆಯಲ್ಲಿ ಹನ್ನೆರಡು ಮಂದಿ ಆಡಲು ಕೂತೆವು. ತಲಾ ಮೂರು ಎಲೆ, ನಾಲ್ವರಂತೆ ಮೂರು ತಂಡ, ಗೆಲ್ಲಲು ಒಂದೇ ಸಾಲು ಸಾಕು. ಮೂರನೇ ತಂಡಕ್ಕೆ ಕಾಯಿ ಯಾವುದು ಎಂದು ನಾವು ಹುಡುಕುತ್ತಿದ್ದಾಗ ಅತ್ತೆ ಒಳಗೆ ಹೋಗಿ ತಮ್ಮ ಚೆನ್ನೆಮಣೆಯ ಹುಣಸೆ ಬೀಜದ ಚೀಲ ತಂದು ಹಲಗೆಯ ಪಕ್ಕ ಸುರಿದರು. "ಎಣಿಸಿ ತೆಗೆದುಕೊಳ್ಳಿ, ಎಣಿಸಿಯೇ ವಾಪಸು ಕೊಡಿ" ಎಂದು ಮೊಮ್ಮಕ್ಕಳಿಗೆ ಹೇಳಿ, ಎಲೆ ಕಲಸಲು ತಾವೇ ಕೂತರು.