ಪ್ರೊಸೆಸರ್ ಬದಲಿಸಲು ಒಂದೂವರೆ ವರ್ಷ ಕಾದೆ

ನನ್ನ ಗೇಮಿಂಗ್ ಕಂಪ್ಯೂಟರಿನಲ್ಲಿದ್ದದ್ದು ರೈಜನ್ 5 3600. 2019ರಲ್ಲಿ ಬಂದ, ಆರು ಕೋರ್‌ಗಳ ಪ್ರೊಸೆಸರ್. ಅದಕ್ಕೆ ಜೊತೆಯಾಗಿ ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಗೇಮ್‌ಗಳು ನೀರಿನ ಹಾಗೆ ಓಡುತ್ತವೆ ಅಂದುಕೊಂಡಿದ್ದೆ. ಸರಾಸರಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಫ್ರೇಮ್‌ಗಳ (ಚಿತ್ರಗಳ) ಸಂಖ್ಯೆ, ಚೆನ್ನಾಗಿಯೇ ಇತ್ತು. ಆದರೆ ಗೇಮಿನೊಳಗೆ ಜನ ತುಂಬಿದ ಬೀದಿಗೆ ಕಾಲಿಟ್ಟರೆ ಸಾಕು, ಚಿತ್ರ ತಡವರಿಸುತ್ತಿತ್ತು.

ಟಾಸ್ಕ್ ಮ್ಯಾನೇಜರ್ ತೆರೆದೆ. ಸಿಪಿಯು ಬಳಕೆ ಶೇ. 45. ಅರ್ಧವೂ ಇಲ್ಲ, ತಪ್ಪು ಇದರದ್ದಲ್ಲ ಅಂತ ಬಿಟ್ಟೆ. ಆ ಅಂಕಿ ನನ್ನನ್ನು ಚೆನ್ನಾಗಿ ಯಾಮಾರಿಸಿತು. ಅದು ಹನ್ನೆರಡು ಥ್ರೆಡ್‌ಗಳ, ಅಂದರೆ ಆರು ಕೋರ್‌ಗಳು ತಲಾ ಎರಡರಂತೆ ನಡೆಸುವ ಕೆಲಸದ ಸಾಲುಗಳ, ಸರಾಸರಿ. ಗೇಮಿನ ಮುಖ್ಯ ಹೊರೆ ಬೀಳುವುದು ಹೆಚ್ಚಾಗಿ ಒಂದೆರಡು ಥ್ರೆಡ್‌ಗಳ ಮೇಲೆ. ಇಬ್ಬರು ಏದುಸಿರು ಬಿಡುತ್ತಾ ಹತ್ತು ಜನ ಕೈಕಟ್ಟಿ ಕೂತಿದ್ದರೂ ಸರಾಸರಿ ನೋಡಿದವನಿಗೆ ಎಲ್ಲರೂ ಆರಾಮಾಗಿ ಕಾಣುತ್ತಾರೆ, ಅಲ್ವಾ?

ಆಮೇಲೆ ಗ್ರಾಫಿಕ್ಸ್ ಕಾರ್ಡಿನ ಬಳಕೆ ನೋಡತೊಡಗಿದೆ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿಕೊಂಡರೆ ಆಡುವಾಗಲೇ ಪರದೆಯ ಮೂಲೆಯಲ್ಲಿ ಕಾಣುತ್ತದೆ. ಕಾರ್ಡ್ ಶೇ. 97-99ರಲ್ಲಿದ್ದರೆ ತಡೆ ಇರುವುದು ಕಾರ್ಡಿನಲ್ಲೇ. ಆಗ ಪ್ರೊಸೆಸರ್ ಬದಲಿಸುವುದು ಸುಮ್ನೆ ದುಡ್ಡು ದಂಡ. ನನ್ನದು ಆ ಬೀದಿಯಲ್ಲಿ ಶೇ. 65ಕ್ಕೆ ಇಳಿಯುತ್ತಿತ್ತು, ಅಂದರೆ ಕಾರ್ಡ್ ಪ್ರೊಸೆಸರ್‌ಗಾಗಿ ಕಾಯುತ್ತಿತ್ತು. ಈ ಪರೀಕ್ಷೆಗೆ ಮೊದಲು ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಎಫ್‌ಪಿಎಸ್ ಮಿತಿ ಎರಡನ್ನೂ ತೆಗೆದಿರಬೇಕು. ಮೊದಲ ದಿನ ನಾನು 60ರ ಮಿತಿ ಇಟ್ಟುಕೊಂಡೇ ಗಂಟೆಗಟ್ಟಲೆ ತಲೆ ಕೆರೆದುಕೊಂಡಿದ್ದೆ.

ಖಾತ್ರಿಗೆ ರೆಸಲ್ಯೂಶನ್ ಅನ್ನು 1440ಪಿಯಿಂದ 720ಪಿಗೆ ಇಳಿಸಿದೆ. ಕಾರ್ಡಿನ ಹೊರೆ ಅಷ್ಟು ಇಳಿದರೂ ಎಫ್‌ಪಿಎಸ್ ಮಿಸುಕಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ, ಪ್ರೊಸೆಸರ್ ಮೇಲೆ ಹೊರೆ ಹಾಕುವ ಜನಸಂದಣಿ ಕಡಿಮೆ ಮಾಡಿದೆ. ಕೂಡಲೇ ಏರಿತು. ಇನ್ನೇನು ಬೇಕು ಸಾಕ್ಷಿ!

ಆದರೂ ಕೊಳ್ಳಲಿಲ್ಲ. ಬಯೋಸ್‌ಗೆ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ಸ್‌ಗೆ) ಹೋಗಿ ನೋಡಿದರೆ 3200 ವೇಗದ ರ‍್ಯಾಮ್ 2133ರಲ್ಲಿ ತೆವಳುತ್ತಿತ್ತು. ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿಯೇ ಇರಲಿಲ್ಲ. ಸಾಲದ್ದಕ್ಕೆ ಎರಡು ಸ್ಟಿಕ್‌ಗಳನ್ನೂ ಪಕ್ಕಪಕ್ಕದ ಸ್ಲಾಟ್‌ಗೆ ತುರುಕಿದ್ದೆ, ಅಂದರೆ ಪ್ರೊಸೆಸರ್‌ಗೆ ಹೋಗಲು ಎರಡರ ಬದಲು ಒಂದೇ ಚಾನೆಲ್ (ದಾರಿ). ಎಕ್ಸ್‌ಎಂಪಿ ಆನ್ ಮಾಡಿ, ಸ್ಟಿಕ್‌ಗಳನ್ನು ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಬದಲಿಸಿದೆ. ಆ ಬೀದಿಯಲ್ಲಿ ಶೇ. 1 ಲೋ, ಅಂದರೆ ಅತಿ ನಿಧಾನದ ಫ್ರೇಮ್‌ಗಳ ಲೆಕ್ಕ, 41ರಿಂದ 55ಕ್ಕೆ ಬಂತು. ಒಂದು ರೂಪಾಯಿ ಖರ್ಚಿಲ್ಲದೆ ಒಂದೂವರೆ ವರ್ಷ ತಳ್ಳಿದೆ.

ಮತ್ತೆ ಕೈ ತುರಿಸಿದ್ದು 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಮಾನಿಟರ್ ಬಂದಾಗ. 60 ಎಫ್‌ಪಿಎಸ್‌ಗೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್ ಸಮಯವಿರುತ್ತದೆ. 144ಕ್ಕೆ ಬರೀ 6.9. ಹಳೆಯ ಪ್ರೊಸೆಸರ್‌ಗೆ ಅಷ್ಟರಲ್ಲಿ ಮುಗಿಸಲು ಆಗುತ್ತಿರಲಿಲ್ಲ. ಆನ್‌ಲೈನ್ ಶೂಟರ್‌ಗಳಲ್ಲಿ ಕಾರ್ಡ್ ಸದಾ ಕಾಯುತ್ತಾ ಕೂತಿರುತ್ತಿತ್ತು. ಈಗ ಸಮಯ ಬಂತು ಅನ್ನಿಸಿತು.

ಎಎಂಡಿಯ ಮುಂದಿನ ಪೀಳಿಗೆಯ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಎಎಂ5ಕ್ಕೆ ಹೋದರೆ ಮದರ್‌ಬೋರ್ಡ್, ಡಿಡಿಆರ್5 ರ‍್ಯಾಮ್, ಎಲ್ಲವೂ ಹೊಸದು ಬೇಕು. ಹಳೆಯ ಎಎಂ4 ಬೋರ್ಡಿನಲ್ಲೇ ಕೂರುವ ರೈಜನ್ 7 5700ಎಕ್ಸ್3ಡಿ ಪ್ರೊಸೆಸರ್ ಆರಿಸಿದೆ. ಎಂಟು ಕೋರ್‌ಗಳಿಗಿಂತ ನನಗೆ ಬೇಕಾಗಿದ್ದದ್ದು ಅದರ 96 ಎಂಬಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ. ನನ್ನ 3600ರಲ್ಲಿದ್ದದ್ದು 32. ಗೇಮಿಗೆ ಮತ್ತೆ ಮತ್ತೆ ಬೇಕಾಗುವ ಮಾಹಿತಿ ಜಾಸ್ತಿ ಪಾಲು ಪ್ರೊಸೆಸರ್ ಒಳಗೇ ಸಿಕ್ಕಿದರೆ ರ‍್ಯಾಮ್‌ವರೆಗೆ ಓಡಾಟ ತಪ್ಪುತ್ತದೆ.

ಹೊಸದನ್ನು ಬೋರ್ಡ್ ಗುರುತಿಸಲಿ ಅಂತ, ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿಕೊಂಡೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಂಡೆ. ಪ್ರೊಸೆಸರ್ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು. ಕೂಲರ್ ತೆಗೆಯುವ ಮುಂಚೆ ಅರ್ಧ ಗಂಟೆ ಗೇಮ್ ಆಡಿದೆ. ಇದು ನೆಪ ಅಲ್ಲ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿರುವ ಪೇಸ್ಟ್ ಬಿಸಿಯಾಗಿ ಸಡಿಲವಾಗಬೇಕು. ಎಎಂ4ರಲ್ಲಿ ಪಿನ್‌ಗಳು ಪ್ರೊಸೆಸರ್‌ಗೇ ಇರುವುದರಿಂದ ಕೂಲರನ್ನು ನೇರ ಎಳೆದರೆ ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತುಕೊಂಡು ಬರಬಹುದು. ಆಫ್ ಮಾಡಿ, ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ ಬಿಡಿಸಿದೆ.

ಎಲ್ಲ ಮುಗಿಸಿ ಅದೇ ಬೀದಿಗೆ ಹೋದೆ. ಶೇ. 1 ಲೋ 71. ಇಷ್ಟೇನಾ ಅನ್ನಿಸಿ ಬೇಜಾರಾಗಿ ಮಲಗಿದೆ. ಬೆಳಿಗ್ಗೆ ಎದ್ದಾಗ ಏನೋ ಹೊಳೆದು ಬಯೋಸ್ ತೆರೆದೆ. ಅಪ್‌ಡೇಟ್ ಮಾಡಿದಾಗ ಸೆಟ್ಟಿಂಗ್ಸ್ ಎಲ್ಲ ಅಳಿಸಿಹೋಗಿ, ರ‍್ಯಾಮ್ ಮತ್ತೆ 2133ರಲ್ಲಿ ಕೂತಿತ್ತು.