ಚಳಿ ಊರಿನಲ್ಲೂ ಬಿಸಿಯೇರುವ ಕಂಪ್ಯೂಟರ್

ಹೊರಗೆ ಮಂಜು, ಮನೆಯವರ ಮೈಮೇಲೆ ಸ್ವೆಟರು. ಆದರೂ ಮೇಜಿನ ಕೆಳಗಿನ ಕಂಪ್ಯೂಟರ್ ಅಕ್ಕಿ ಗಿರಣಿಯಂತೆ ಮೊರೆಯುತ್ತದೆ. ಮಗ ಹತ್ತು ನಿಮಿಷ ಗೇಮ್ ಆಡಿದರೆ ಸಾಕು, ತಟ್ಟನೆ ಆರಿಹೋಗುತ್ತದೆ. ಮಡಿಕೇರಿಯಲ್ಲಿ ಇದಕ್ಕೆಂಥ ಸೆಕೆ ಎಂದು ಕೇಳುವವರು ಉಂಟು. ಲೆಕ್ಕ ಸರಳ: ಪ್ರೊಸೆಸರಿನ ಬಿಸಿ ಕೋಣೆಯ ಬಿಸಿಯ ಮೇಲೆ ಏರಿ ಕೂರುತ್ತದೆ. ಕಲಬುರಗಿಯ 38 ಡಿಗ್ರಿ ಕೋಣೆಯಲ್ಲಿ 85 ತೋರಿಸುವ ಯಂತ್ರ ಇಲ್ಲಿಯ 22 ಡಿಗ್ರಿ ಕೋಣೆಯಲ್ಲಿ ಅದೇ ಕೆಲಸಕ್ಕೆ 70ರ ಆಸುಪಾಸಿನಲ್ಲಿರಬೇಕು. ಇಲ್ಲೂ 95 ಮುಟ್ಟುತ್ತಿದ್ದರೆ ಬಿಸಿ ಹೊರಹೋಗುವ ದಾರಿ ಎಲ್ಲೋ ಕಟ್ಟಿಕೊಂಡಿದೆ ಎಂದೇ ಅರ್ಥ. ಹೊಸ ಫ್ಯಾನ್ ಕೊಳ್ಳುವ ಮಾತು ಆಮೇಲೆ.

ಮೊದಲು ಅಳೆಯಿರಿ

ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯು ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಸುಮ್ಮನಿದ್ದಾಗ 35ರಿಂದ 50, ಭಾರದ ಕೆಲಸದಲ್ಲಿ 80–85ರವರೆಗೆ ಹೋದರೆ ಚಿಂತೆಯಿಲ್ಲ. ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100ರ ಹತ್ತಿರ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಎಎಂಡಿ ಕಂಪೆನಿಯ ರೈಜನ್ 7000 ಸರಣಿಯ ಹಲವು ಪ್ರೊಸೆಸರುಗಳು ಮಾತ್ರ ಬೇರೆ ಜಾತಿ, ಪೂರ್ತಿ ಹೊರೆ ಬಿದ್ದಾಗ 95ಕ್ಕೆ ಏರುವಂತೆಯೇ ಅವನ್ನು ಮಾಡಿದ್ದಾರೆ.

ಬಿಸಿ ಏರುವ ರೀತಿಯನ್ನು ಗಮನಿಸಿ, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಹತ್ತು–ಹದಿನೈದು ನಿಮಿಷದಲ್ಲಿ ನಿಧಾನ ಏರಿದರೆ ಧೂಳು, ಇಲ್ಲವೇ ಗಾಳಿಯಾಡದ ಜಾಗ. ಕೆಲಸ ಕೊಟ್ಟ ನಾಲ್ಕೈದು ಸೆಕೆಂಡಿನಲ್ಲೇ 95ಕ್ಕೆ ಹಾರಿ, ನಿಲ್ಲಿಸಿದ ಕೂಡಲೇ ಧೊಪ್ಪನೆ ಇಳಿದರೆ ಹೀಟ್ ಸಿಂಕ್ (ಪ್ರೊಸೆಸರಿನ ಬಿಸಿ ಹೀರುವ, ರೆಕ್ಕೆಗಳಿರುವ ಲೋಹದ ತುಂಡು) ಪ್ರೊಸೆಸರಿಗೆ ಸರಿಯಾಗಿ ಅಂಟಿಲ್ಲ, ಅಥವಾ ಬಿಸಿ ದಾಟಿಸಲು ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿದೆ. ಇನ್ನು, 60 ಡಿಗ್ರಿಯಲ್ಲೇ ಯಂತ್ರ ಆರುತ್ತಿದ್ದರೆ ಅದು ಪ್ರೊಸೆಸರಿನ ಬಿಸಿಯ ಕಾಟವಲ್ಲ. ಮಳೆಗಾಲದ ವೋಲ್ಟೇಜ್ ಏರಿಳಿತ, ಯುಪಿಎಸ್, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆ) ಇವುಗಳ ಕಡೆ ನೋಡಿ.

ಜಾಗ

ಕಂಪ್ಯೂಟರ್ ಟೇಬಲ್ ಎಂದು ಮಾರುವ ಮರದ ಮೇಜಿನಲ್ಲಿ ಸಿಪಿಯು ಡಬ್ಬಿಗೆ ಬಾಗಿಲಿರುವ ಒಂದು ಗೂಡು ಕೊಟ್ಟಿರುತ್ತಾರೆ. ಅದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ: ಹಿಂದಿನಿಂದ ಹೊರಬಿದ್ದ ಬಿಸಿಗಾಳಿಯನ್ನೇ ಯಂತ್ರ ಮುಂದಿನಿಂದ ಮತ್ತೆ ಎಳೆದುಕೊಳ್ಳುತ್ತದೆ. ಬಾಗಿಲು ಕಳಚಿ, ಹಿಂದಿನ ಹಲಗೆ ತೆಗೆದುಹಾಕಿ. ಗೋಡೆಗೂ ಡಬ್ಬಿಗೂ 15 ಸೆಂಟಿಮೀಟರ್ ಬಿಡಿ. ನೆಲದಲ್ಲಿ ಇಡಬೇಡಿ, ಧೂಳೂ ತೇವವೂ ಮೊದಲು ಸೇರುವುದು ಅಲ್ಲಿ; ಸಣ್ಣ ಸ್ಟೂಲ್ ಸಾಕು. ಮಳೆಗಾಲದಲ್ಲಿ ಒಣಗದ ಕಾಲುಚೀಲವನ್ನು ಬೆಚ್ಚಗಿದೆಯೆಂದು ಅದರ ಮೇಲೆ ಹರಡುವ ಅಭ್ಯಾಸವಿದ್ದರೆ ಬಿಡಿ. ಮೇಲಿನ ಜಾಲರಿಯ ಮೇಲೆ ಬೆಕ್ಕು ಮಲಗುವುದಕ್ಕೂ ಇದೇ ಮಾತು.

ಧೂಳು

ಕೊಡಗಿನ ಮನೆಗಳ ಧೂಳು ಪೇಟೆಯ ಧೂಳಿನಂತಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕಣದಿಂದ ಸಿಪ್ಪೆಯ ಪುಡಿ ಹಾರಿ ಬರುತ್ತದೆ. ವರ್ಷವಿಡೀ ಸೌದೆ ಒಲೆಯ ಹೊಗೆ ಇದ್ದೇ ಇದೆ. ಎರಡೂ ಸೇರಿ ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಇಲ್ಲಣದಂತೆ ಜಿಗುಟಾಗಿ ಕೂರುತ್ತವೆ, ಊದಿದರೆ ಹೋಗುವುದಿಲ್ಲ. ಮಳೆ ಹಿಡಿದರೆ ಅದರ ಮೇಲೆ ಬೂಷ್ಟು. ಅದಕ್ಕೇ ವರ್ಷಕ್ಕೆ ಎರಡು ಸಲ ಶುಚಿ ಬೇಕು: ಕಾಫಿ ಕೊಯ್ಲು ಮುಗಿದ ಮೇಲೆ ಮಾರ್ಚಿನಲ್ಲಿ ಒಮ್ಮೆ, ಮಳೆ ಇಳಿದ ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ, ಕತ್ತಿ ಒರೆಸಿ ಇಡುವ ಮನೆಗಳಲ್ಲಿ ದಿನ ನೆನಪಿಡುವ ಕಷ್ಟವೂ ಇಲ್ಲ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಹಿಂದಿನ ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆಯಿರಿ. ಒಳಗೆ ಕೈಹಾಕುವ ಮುನ್ನ ಡಬ್ಬಿಯ ಬರಿ ಲೋಹವನ್ನು ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲಿ. ಒಂದಿಂಚಿನ ಒಣ ಪೇಂಟ್ ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೂ ಗುಡಿಸಿ, ಕೈ ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಬಿಟ್ಟರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕಡೆ ಹೋಗಲೇಬೇಡಿ. ಅದರ ಟ್ಯಾಂಕಿನಲ್ಲಿ ನಿಂತ ನೀರೂ ಎಣ್ಣೆಯೂ ಗಾಳಿಯ ಜೊತೆ ಮದರ್‌ಬೋರ್ಡಿಗೆ ಸಿಡಿಯುತ್ತವೆ, ನಮ್ಮ ತೇವದ ಹವೆಯಲ್ಲಿ ಇನ್ನೂ ಜಾಸ್ತಿ. ಎಸ್‌ಎಂಪಿಎಸ್ ಹೊರಗಿನಿಂದ ಊದಿದರೆ ಸಾಕು, ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು.

ಪೇಸ್ಟ್

ಥರ್ಮಲ್ ಪೇಸ್ಟ್ ಮೂರರಿಂದ ಐದು ವರ್ಷದಲ್ಲಿ ಒಣಗಿ ಸುಣ್ಣದ ಹೆಕ್ಕಳೆಯಂತಾಗುತ್ತದೆ. ಹೀಟ್ ಸಿಂಕ್ ತೆಗೆಯುವ ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆರಿಸಿ, ಪ್ಲಗ್ ಕೀಳಿ. ಫ್ಯಾನಿನ ವೈರ್ ಬಿಡಿಸಿ, ಹಿಡಿತ ಸಡಿಲಿಸಿ, ನೇರ ಎಳೆಯದೆ ಎಡಕ್ಕೂ ಬಲಕ್ಕೂ ಮೆಲ್ಲ ತಿರುಗಿಸಿ ಬಿಡಿಸಿಕೊಳ್ಳಿ. ಹಳೆಯ ರೈಜನ್‌ಗಳಲ್ಲಿ ತಣ್ಣಗಿರುವಾಗ ಎಳೆದರೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗಬಹುದು.

ಹಳೆಯ ಪೇಸ್ಟನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಎರಡೂ ಕಡೆ ಹೊಳೆಯುವಂತೆ ಒರೆಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಹೊಸ ಪೇಸ್ಟ್ ಪ್ರೊಸೆಸರಿನ ನಟ್ಟನಡುವೆ ಒಂದು ಕರಿಮೆಣಸಿನ ಕಾಳಿನಷ್ಟು, ಅಷ್ಟೇ. ಬೆರಳಿನಿಂದ ಸವರಬೇಕಿಲ್ಲ, ಹೀಟ್ ಸಿಂಕಿನ ಒತ್ತಡಕ್ಕೆ ತಾನೇ ಹರಡುತ್ತದೆ.

ಇಂಟೆಲ್ ಪ್ರೊಸೆಸರಿನ ಪ್ಯಾಕೆಟ್ಟಿನಲ್ಲೇ ಬರುವ ಕೂಲರಿಗೆ (ಹೀಟ್ ಸಿಂಕ್, ಫ್ಯಾನ್ ಸೇರಿದ್ದು) ನಾಲ್ಕು ಪ್ಲಾಸ್ಟಿಕ್ ಗೂಟಗಳಿವೆ. ಮನೆಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ತೆಗೆಯುವಾಗ ಗೂಟದ ತಲೆಯನ್ನು ಬಾಣದ ಗುರುತಿನ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲೆತ್ತಬೇಕು. ಹಾಕುವ ಮುನ್ನ ನಾಲ್ಕನ್ನೂ ಹಿಂದಕ್ಕೆ ತಿರುಗಿಸಿಟ್ಟು, ಮೂಲೆಯಿಂದ ಎದುರು ಮೂಲೆಗೆ ಒಂದೊಂದಾಗಿ ಒತ್ತಿ. ‘ಟಕ್’ ಎಂದು ಕೇಳಬೇಕು. ಮೆಲ್ಲ ಎಳೆದು ನೋಡಿ. ಒಂದೇ ಒಂದು ಕಚ್ಚದಿದ್ದರೂ ಕೂಲರ್ ಆ ಮೂಲೆಯಲ್ಲಿ ಎದ್ದು ನಿಂತು, ಪೇಸ್ಟ್ ಎಷ್ಟೇ ಒಳ್ಳೆಯದಿದ್ದರೂ ಬಿಸಿ ಸೆಕೆಂಡುಗಳಲ್ಲಿ ನೂರಕ್ಕೆ ಹಾರುತ್ತದೆ. ಆಗ ಹೀಟ್ ಸಿಂಕ್ ಮುಟ್ಟಿದರೆ ತಣ್ಣಗಿರುತ್ತದೆ, ಅದೇ ಗುರುತು.

ಇಷ್ಟಕ್ಕೂ ತಗ್ಗದಿದ್ದರೆ

ಪಕ್ಕದ ತಗಡು ತೆಗೆದಿಟ್ಟು ಓಡಿಸಿ. ಹತ್ತು ಡಿಗ್ರಿ ಇಳಿದರೆ ಡಬ್ಬಿಗೆ ಗಾಳಿ ಸಾಲದು, ಫ್ಯಾನ್ ಕೊಳ್ಳುವ ಹೊತ್ತು ಬಂತು. 120 ಮಿಲಿಮೀಟರಿನದು ಮುಂದೆ ಒಂದು, ಹಿಂದೆ ಒಂದು ಸಾಕು. ಫ್ಯಾನಿನ ಪ್ಲಾಸ್ಟಿಕ್ ಕಡ್ಡಿಗಳು ಅಡ್ಡಬಂದ ಮುಖದಿಂದ ಗಾಳಿ ಹೊರಡುತ್ತದೆ. ಮುಂದಿನದರ ಆ ಮುಖ ಒಳಕ್ಕೆ, ಹಿಂದಿನದರದು ಹೊರಕ್ಕೆ. ಕಾಸು ಖರ್ಚಿಲ್ಲದ ಉಪಾಯ ಬೇಕೆಂದರೆ ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿ. ಇಂಟೆಲ್ ಯಂತ್ರಗಳಲ್ಲಿ ಟರ್ಬೊ (ಹೊರೆ ಬಿದ್ದಾಗ ವೇಗ ಏರಿಸುವ ವ್ಯವಸ್ಥೆ) ನಿಂತು ಬಿಸಿ ಗಣನೀಯವಾಗಿ ತಗ್ಗುತ್ತದೆ. ವೇಗವೂ ಕಡಿಮೆಯಾಗುತ್ತದೆ, ಆದರೆ ಟೈಪಿಂಗಿಗೂ ಯೂಟ್ಯೂಬಿಗೂ ಗೊತ್ತಾಗದು.

ಜೂನಿನಿಂದ ಕಕ್ಕಡ ತಿಂಗಳು (ಆಗಸ್ಟ್ ಮಧ್ಯದವರೆಗೆ) ಕಳೆಯುವವರೆಗೆ ಬಳಕೆ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಯಂತ್ರ ಓಡಿಸಿ, ಒಳಗಿನ ತೇವ ಆ ಬಿಸಿಗೇ ಆರುತ್ತದೆ. ಆಯುಧಪೂಜೆಯ ದಿನ ಕಂಪ್ಯೂಟರ್ ಆರಿಸಿಟ್ಟು, ಕುಂಕುಮವನ್ನು ಪಕ್ಕದ ತಗಡಿಗೆ ಹಚ್ಚಿ. ಮೇಲಿನ ಜಾಲರಿಗೆ ಹಾಕಿದ ಅಕ್ಷತೆ ನೇರ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ.