ತಾಳ ಹಾಕುವ ಕೈಗೆ ಕೋಲು ಬಂದಾಗ

ಪ್ರತಿ ಶುಕ್ರವಾರ ಸಂಜೆ ಏಳಕ್ಕೆ ಅರ್‌ಹು (ಕಮಾನಿನಿಂದ ನುಡಿಸುವ ಚೀನೀ ತಂತಿವಾದ್ಯ) ಪೆಟ್ಟಿಗೆ ಬೆನ್ನಿಗೆ ಹಾಕಿಕೊಂಡು ಮನೆ ಬಿಡುತ್ತೇನೆ. ಸಿಂಗಪುರದಲ್ಲಿ ನಮ್ಮ ಬ್ಲಾಕಿನಿಂದ ಹತ್ತು ನಿಮಿಷ ನಡೆದರೆ ಕಮ್ಯುನಿಟಿ ಕ್ಲಬ್. ಅಲ್ಲಿನ ಮೂರನೇ ಮಹಡಿಯ ದೊಡ್ಡ ಕೋಣೆಯಲ್ಲಿ ನಮ್ಮ ಚೀನೀ ವಾದ್ಯವೃಂದದ ಅಭ್ಯಾಸ. ಸೇರಿದರೆ ಮೂವತ್ತೆಂಟು ಜನ. ಟ್ಯಾಕ್ಸಿ ಓಡಿಸುವವರು, ನರ್ಸ್, ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗರು. ಕನ್ನಡದವಳು ನಾನೊಬ್ಬಳೇ.

ಇಲ್ಲಿ ಈ ಸಂಗೀತಕ್ಕೆ ಹ್ವಾಯುಎ ಅನ್ನುತ್ತಾರೆ. ಇದೇ ಚೀನಾದಲ್ಲಿ ಮಿನ್‌ಯುಎ, ತೈವಾನಿನಲ್ಲಿ ಗ್ವೊಯುಎ, ಹಾಂಗ್‌ಕಾಂಗಿನಲ್ಲಿ ಜೊಂಗ್‌ಯುಎ. ವಾದ್ಯಗಳಲ್ಲಿ ಹಲವು ತುಂಬಾ ಹಳೆಯವು. ಆದರೆ ಇಷ್ಟು ಜನ ಸಾಲಾಗಿ ಕೂತು, ಎದುರಿಗೊಬ್ಬರು ಕೋಲು ಹಿಡಿದು ನಡೆಸಿದಂತೆ ನುಡಿಸುವ ಪದ್ಧತಿ ಇಪ್ಪತ್ತನೇ ಶತಮಾನದ್ದು. ಸಿಂಗಪುರದ ವೃತ್ತಿಪರ ತಂಡ, ಸಿಂಗಪುರ್ ಚೈನೀಸ್ ಆರ್ಕೆಸ್ಟ್ರಾ, ಶುರುವಾಗಿದ್ದು 1997ರಲ್ಲಿ. ನಮ್ಮಂಥವರದ್ದು ಬಡಾವಣೆ ತಂಡ. ಯಾರಿಗೂ ಸಂಬಳ ಇಲ್ಲ, ಬರಲೇಬೇಕು ಅಂತ ಯಾರನ್ನೂ ಕಟ್ಟಿಹಾಕೋಕೆ ಆಗಲ್ಲ.

ಮೈಸೂರಿನಲ್ಲಿ ಒಂಬತ್ತು ವರ್ಷ ಪಿಟೀಲು ಕಲಿತಿದ್ದೆ. ಆ ಧೈರ್ಯದಲ್ಲೇ ಅರ್‌ಹು ಹಿಡಿದೆ. ಎರಡೇ ತಂತಿ. ಕಮಾನಿನ ಕೂದಲು ಆ ಎರಡು ತಂತಿಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಬೆರಳಿನ ಕೆಳಗೆ ಹಲಗೆ ಇಲ್ಲ, ತಂತಿ ಗಾಳಿಯಲ್ಲೇ ಇರುತ್ತದೆ. ಸ್ವಲ್ಪ ಜಾಸ್ತಿ ಒತ್ತಿದರೂ ಸ್ವರ ಏರಿಬಿಡುತ್ತದೆ. ಮೊದಲ ಆರು ತಿಂಗಳು ಬರೀ ಅಪಸ್ವರ. ಆಮೇಲೆ ಒಂದು ದಿನ ಜಾರು ತಾನಾಗಿ ಬಂತು. ಗಮಕ ಗೊತ್ತಿರುವ ಬೆರಳಿಗೆ ಈ ವಾದ್ಯ ಒಲಿಯುತ್ತದೆ ಅಂತ ಅವತ್ತು ಅನ್ನಿಸಿತು.

ಬರೆದ ನೊಟೇಶನ್ ಅಂತೂ ಮನೆಗೆ ಬಂದಷ್ಟು ಸಲೀಸಾಯಿತು. ಜಿಯೆನ್‌ಪು ಅಂತ ಅದರ ಹೆಸರು. ಸ್ವರಗಳೆಲ್ಲ ಅಂಕಿಗಳು: 1, 2, 3 ಅಂದರೆ ನಮ್ಮ ಸ, ರಿ, ಗ. ಒಂದರಿಂದ ಏಳರವರೆಗೆ ನೇರ ಓದಿದರೆ ಶಂಕರಾಭರಣ ರಾಗ. ಮೇಲೆ ಚುಕ್ಕೆ ಇದ್ದರೆ ತಾರ ಸ್ಥಾಯಿ, ಕೆಳಗೆ ಚುಕ್ಕೆ ಇದ್ದರೆ ಮಂದ್ರ. ಹಾಳೆಯ ತಲೆಯಲ್ಲಿ '1=ಡಿ' ಅಂತ ಬರೆದಿದ್ದರೆ ಷಡ್ಜ ಅಲ್ಲಿದೆ ಅಂತ, ಅಷ್ಟೇ. ನಮ್ಮ ಶ್ರುತಿ ಬದಲಾಯಿಸಿದ ಹಾಗೆ.

ಅವರ ಐದು ಸ್ವರದ ಶ್ರೇಣಿಗಳನ್ನು ಕಂಡಾಗ ಇನ್ನೂ ಖುಷಿಯಾಯಿತು. 1 2 3 5 6 ನುಡಿಸಿದರೆ ಮೋಹನ. ಅವರು ಅದನ್ನು ಗೊಂಗ್ ಅನ್ನುತ್ತಾರೆ. ಅವೇ ಐದು ಸ್ವರಗಳಲ್ಲಿ 2ನ್ನು ಷಡ್ಜ ಮಾಡಿಕೊಂಡರೆ ಮಧ್ಯಮಾವತಿ, 3ನ್ನು ಮಾಡಿಕೊಂಡರೆ ಹಿಂದೋಳ, 5ನ್ನು ಮಾಡಿಕೊಂಡರೆ ಶುದ್ಧ ಸಾವೇರಿ, 6ನ್ನು ಮಾಡಿಕೊಂಡರೆ ಶುದ್ಧ ಧನ್ಯಾಸಿ. ನಮ್ಮಲ್ಲಿ ಗ್ರಹಭೇದ ಅಂತ ಕಲಿಸುವುದು ಇದನ್ನೇ ಅಲ್ವಾ? ಅವರಲ್ಲಿ ಇವಕ್ಕೆ ಷಾಂಗ್, ಜುಎ, ಜಿ, ಯು ಅಂತ ಬೇರೆ ಬೇರೆ ಹೆಸರು. ಸ್ವರಗಳು ಅವೇ ಆದರೂ ನುಡಿಸುವ ರೀತಿ ಬೇರೆ. ಹಿಂದೋಳದ ಗಾಂಧಾರವನ್ನು ಅಭ್ಯಾಸಬಲದಿಂದ ಅಲುಗಿಸಿದಾಗ ಪಕ್ಕದ ಆಂಟಿ ಮೆಲ್ಲಗೆ ನನ್ನ ಮೊಣಕೈ ಮುಟ್ಟುತ್ತಿದ್ದರು.

ನಾಲ್ಕು ವರ್ಷ ಆದ ಮೇಲೆ ಅರ್‌ಹು ಸಾಲಿನ ಹೊಣೆ ನನಗೆ ಬಂತು. ಐದನೇ ವರ್ಷ ನಮ್ಮ ಲಾವ್‌ಷೀ (ಗುರುಗಳನ್ನು ಹಾಗೇ ಕರೆಯೋದು) ಎರಡು ತಿಂಗಳು ಊರಲ್ಲಿ ಇರಲ್ಲ ಅಂತಾಯಿತು. ಕೋಲನ್ನು ನನ್ನ ಕೈಗೆ ಕೊಟ್ಟು, "ನಿನ್ನ ಕಿವಿ ಚೆನ್ನಾಗಿದೆ, ಕೈ ಕಲಿತುಕೋ" ಅಂದರು.

ಕೈ ಕಲಿಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಐದನೇ ವಯಸ್ಸಿನಿಂದ ತೊಡೆಯ ಮೇಲೆ ತಾಳ ಹಾಕಿದ ಕೈ ಇದು. ಘಾತ, ಬೆರಳೆಣಿಕೆ, ಹುಸಿ. ತಾಳ ಹಾಕುವಾಗ ಕೈ ತೊಡೆಗೆ ತಾಗಿದ ಕ್ಷಣವೇ ಏಟು. ಹಾಡೂ ಕೈಯೂ ಒಟ್ಟಿಗೇ ಇರುತ್ತವೆ. ಮೊದಲ ದಿನ ನಾನು ಕೋಲು ಕೆಳಗಿಳಿಸಿದೆ. ಪಿಪಾ ಅನ್ನೋ ಮೀಟುವ ವಾದ್ಯದವರು ಆಗಲೇ ಶುರು ಮಾಡಿದರು, ಅರ್‌ಹು ಸಾಲು ತಡವಾಯಿತು, ಷೆಂಗ್ ಅನ್ನೋ ಕೊಳವೆಗಳ ವಾದ್ಯ ಊದುವ ಹುಡುಗ ನನ್ನ ಮುಖ ನೋಡುತ್ತಾ ಕೂತಿದ್ದ. ಮತ್ತೆ ಮಾಡಿದೆ, ಮತ್ತೆ ಹಾಗೇ ಆಯಿತು. ತಪ್ಪು ಅವರದ್ದಲ್ಲ. ಏಟು ಬೀಳುವುದಕ್ಕೆ ಮುಂಚೆ ನಾನು ಅವರಿಗೆ ಏನನ್ನೂ ಹೇಳಿರಲಿಲ್ಲ.

ಕೋಲು ಮೇಲೇಳುವಾಗಲೇ ಎಲ್ಲ ಗೊತ್ತಾಗಬೇಕು. ಎಷ್ಟು ಬೇಗ, ಎಷ್ಟು ಜೋರು, ಮೆತ್ತಗೆ ಶುರುವಾಗಬೇಕೋ ಚುರುಕಾಗಿ ಶುರುವಾಗಬೇಕೋ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಮೂರು ವಾರ ಒಂದೇ ಒಂದು ಚಲನೆ ಅಭ್ಯಾಸ ಮಾಡಿದೆ. ಕೈ ಎತ್ತುವುದು, ಅದರ ಜೊತೆಗೇ ಉಸಿರು ಎಳೆದುಕೊಳ್ಳುವುದು. ಹಾಡುವ ಮುಂಚೆ ಉಸಿರು ತಗೋತೀವಲ್ಲ, ಅದೇ. ಬಾಯಲ್ಲಿ ಹಾಡುತ್ತಾ ಕೈಯನ್ನು ಹಾಡಿಗಿಂತ ಒಂದು ಎಣಿಕೆ ಮುಂದೆ ಒಯ್ಯುವುದನ್ನೂ ಕಲಿತೆ. ಎಡಗೈ ಮಾತ್ರ ಬಹಳ ದಿನ ತೊಡೆಯ ಕಡೆಗೇ ಹೋಗುತ್ತಿತ್ತು.

ಕೈ ಸರಿಹೋದ ಮೇಲೂ ಶುರು ಪೂರ್ತಿ ಸರಿಯಾಗಲಿಲ್ಲ. ಕಾರಣ ವಾದ್ಯಗಳಲ್ಲೇ ಇತ್ತು. ಪಿಪಾ, ರುವಾನ್ ಮೀಟುವ ವಾದ್ಯಗಳು. ಯಾಂಗ್‌ಚಿನ್ ಅನ್ನು ಬಿದಿರಿನ ಕಡ್ಡಿಯಿಂದ ಬಡಿಯುತ್ತಾರೆ, ನಮ್ಮ ಸಂತೂರಿನ ಹಾಗೆ. ಬೆರಳೋ ಕಡ್ಡಿಯೋ ತಾಗಿದ ಕ್ಷಣವೇ ನಾದ. ಕಮಾನು ತಂತಿಯನ್ನು ಹಿಡಿದು ನಾದ ತುಂಬೋಕೆ ಒಂದು ಚೂರು ಹೊತ್ತು ಬೇಕು. ಷೆಂಗ್‌ನ ದೊಡ್ಡ ಕೊಳವೆಗಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಹೀಗಾಗಿ ಎಲ್ಲರೂ ಸರಿಯಾಗಿ ನೋಡಿಕೊಂಡು ನುಡಿಸಿದರೂ ಮೀಟುವವರು ಮುಂದೆ ಬಿದ್ದುಬಿಡುತ್ತಿದ್ದರು.

ಒಂದು ಶುಕ್ರವಾರ ಪಿಪಾ ಸಾಲಿನವರನ್ನು ಎಬ್ಬಿಸಿ ಅರ್‌ಹು ಸಾಲಿನ ಪಕ್ಕ ಕೂರಿಸಿದೆ. ಅವರು ಆಗಷ್ಟೇ ಬೆರಳುಗಳಿಗೆ ಪ್ಲಾಸ್ಟಿಕ್ ಉಗುರು ಇಟ್ಟು, ಒಂದೊಂದಕ್ಕೂ ಟೇಪ್ ಸುತ್ತಿ ಮುಗಿಸಿದ್ದರು. ಇವತ್ತು ನನ್ನನ್ನು ನೋಡಬೇಡಿ, ಅರ್‌ಹು ಆಂಟಿಯ ಬಲ ಭುಜ ನೋಡಿ, ಅದು ಎದ್ದಾಗ ನೀವೂ ಉಸಿರು ತಗೊಳ್ಳಿ ಅಂದೆ. ಮೊದಲ ಸಲ ಎಲ್ಲರೂ ನಕ್ಕರು. ನಾಲ್ಕನೇ ಸಲಕ್ಕೆ ಇಡೀ ಕೋಣೆಯಲ್ಲಿ 'ಹ್ಹ' ಅಂತ ಒಂದೇ ಉಸಿರು ಕೇಳಿಸಿತು. ಆಮೇಲೆ ಮೂವತ್ತು ವಾದ್ಯಗಳು ಒಟ್ಟಿಗೆ ಎದ್ದವು. ನನಗೆ ಮೈ ಜುಮ್ಮೆಂದಿತು.

ಶ್ರುತಿ ಮಾಡಿಕೊಳ್ಳೋದೂ ದೊಡ್ಡ ಕೆಲಸವೇ. ಅರ್‌ಹುವಿನ ಡಬ್ಬಿಗೆ ಹೆಬ್ಬಾವಿನ ಚರ್ಮ ಬಿಗಿದಿರುತ್ತಾರೆ. ಇಲ್ಲಿನ ಸೆಖೆಗೆ ಅದು ಸಡಿಲ ಆಗುತ್ತದೆ, ಏಸಿ ಕೋಣೆಗೆ ಬಂದರೆ ಮತ್ತೆ ಬಿಗಿಯುತ್ತದೆ. ಹಾಂಗ್‌ಕಾಂಗ್ ಚೈನೀಸ್ ಆರ್ಕೆಸ್ಟ್ರಾದವರು ಚರ್ಮದ ಬದಲು ಪಾಲಿಯೆಸ್ಟರ್ ಪೊರೆ ಹಾಕಿ ವಾದ್ಯ ಮಾಡಿದ್ದಾರೆ. ನಮ್ಮಲ್ಲಿ ಇನ್ನೂ ಚರ್ಮದವೇ ಜಾಸ್ತಿ. ಈ ಚರ್ಮವನ್ನು ಗಡಿ ದಾಟಿಸೋಕೆ ಅನುಮತಿ ಪತ್ರ ಬೇಕಾಗುತ್ತದೆ, ಅದಕ್ಕೇ ಮೈಸೂರಿಗೆ ಹೋಗುವಾಗ ನನ್ನ ಅರ್‌ಹುವನ್ನು ಇಲ್ಲೇ ಬಿಟ್ಟು ಹೋಗುತ್ತೇನೆ.

ಹಾಗಾಗಿ ಒಂದು ಕ್ರಮ ಮಾಡಿಕೊಂಡೆ. ಅಭ್ಯಾಸಕ್ಕೆ ಅರ್ಧ ಗಂಟೆ ಮುಂಚೆಯೇ ಏಸಿ ಹಾಕಿಸುತ್ತೇನೆ, ಪೆಟ್ಟಿಗೆಗಳನ್ನೆಲ್ಲ ತೆರೆಸಿಡುತ್ತೇನೆ. ಯಾಂಗ್‌ಚಿನ್‌ನ ಹುಡುಗಿ ಎಲ್ಲರಿಗಿಂತ ಮೊದಲು ಬರುತ್ತಾಳೆ. ಅವಳದ್ದು ನೂರಕ್ಕೂ ಹೆಚ್ಚು ತಂತಿ. ಷೆಂಗ್‌ನವನು ಒಂದು ಸ್ವರ ಹಿಡಿಯುತ್ತಾನೆ. ಅದರೊಳಗೆ ಹಾರ್ಮೋನಿಯಂನಲ್ಲಿರುವಂಥ ಲೋಹದ ನಾಲಿಗೆಗಳಿವೆ, ಅದರ ಶ್ರುತಿ ಅಷ್ಟು ಬೇಗ ಅಲುಗುವುದಿಲ್ಲ. ಎಲ್ಲರೂ ಒಟ್ಟಿಗೆ ತಿರುಪು ತಿರುಗಿಸಿದರೆ ಸಂತೆಯಾಗುತ್ತದೆ. ಒಂದೊಂದೇ ಸಾಲು ಬರಲಿ ಅಂದೆ. ಹದಿನೈದು ನಿಮಿಷ ಹೋಗುತ್ತದೆ, ಹೋಗಲಿ. ಶ್ರುತಿ ಸೇರದೆ ಎರಡು ಗಂಟೆ ನುಡಿಸಿ ಏನು ಬಂತು?

ಯಾರು ಬರುತ್ತಾರೆ, ಯಾರು ಬರಲ್ಲ ಅನ್ನೋದು ಇನ್ನೊಂದು ಚಿಂತೆ. ಪರೀಕ್ಷೆ ಬಂದರೆ ಡೀಝ (ಬಿದಿರಿನ ಕೊಳಲು) ಊದುವವರು ಅರ್ಧಕ್ಕರ್ಧ ಮಾಯ. ಮುಖ್ಯ ರಾಗದ ಎಳೆ ಅವರ ಹತ್ತಿರವೇ ಇದ್ದರೆ ಅವತ್ತಿನ ಅಭ್ಯಾಸ ವ್ಯರ್ಥ. ಈಗ ಅಂಥ ಎಳೆಗಳನ್ನೆಲ್ಲ ಇನ್ನೊಂದು ಸಾಲಿನ ಹಾಳೆಯಲ್ಲಿ ಪೆನ್ಸಿಲ್‌ನಿಂದ ಚಿಕ್ಕದಾಗಿ ಬರೆದಿಡುತ್ತೇನೆ. ಡೀಝದವರು ಇಲ್ಲದ ದಿನ ಗಾವ್‌ಹು (ಅರ್‌ಹುವಿನಂಥದ್ದೇ, ಶ್ರುತಿ ಹೆಚ್ಚು) ಸಾಲು ಅದನ್ನು ನುಡಿಸುತ್ತದೆ. ಟ್ಯಾಕ್ಸಿ ಅಂಕಲ್‌ಗೆ ವೇಗದ ಹದಿನಾರು ಸ್ವರ ಕೈಗೆ ಹತ್ತುತ್ತಿರಲಿಲ್ಲ, ನಾಚಿಕೆಯಿಂದ ಎರಡು ವಾರ ಬರಲೇ ಇಲ್ಲ. ಅವರ ಹಾಳೆಯಲ್ಲಿ ಆ ಸಾಲನ್ನು ಎಂಟು ಸ್ವರಕ್ಕೆ ಇಳಿಸಿ, ಫೋಟೊ ತೆಗೆದು ಕಳಿಸಿದೆ. ಮುಂದಿನ ಶುಕ್ರವಾರ ಎಲ್ಲರಿಗಿಂತ ಮುಂಚೆ ಬಂದು ಕುರ್ಚಿ ಜೋಡಿಸುತ್ತಿದ್ದರು.

ಮಧ್ಯ ಶರತ್ಕಾಲದ ಹಬ್ಬಕ್ಕೆ ಕ್ಲಬ್ಬಿನ ಕೆಳಗಡೆ ತೆರೆದ ಜಾಗದಲ್ಲಿ ನಮ್ಮ ಕಾರ್ಯಕ್ರಮ ಇತ್ತು. ಲಾಂದ್ರ ಹಿಡಿದ ಮಕ್ಕಳು ಓಡಾಡುತ್ತಿದ್ದರು, ಪಕ್ಕದ ರಸ್ತೆಯಲ್ಲಿ ಬಸ್ಸು. ಏಸಿ ಇಲ್ಲದ ಜಾಗ, ಚರ್ಮ ಸಡಿಲವಾಗಿ ಎರಡನೇ ಹಾಡಿನ ಹೊತ್ತಿಗೆ ಅರ್‌ಹು ಸಾಲು ಇಳಿದಿತ್ತು. ಸುಮ್ನೆ ನಿಲ್ಲಿಸಿ, ಜನರ ಎದುರೇ ಮತ್ತೆ ಶ್ರುತಿ ಮಾಡಿಸಿದೆ. ಜನ ಕಾದರು.

ಲಾವ್‌ಷೀ ಆ ವಾರವೇ ವಾಪಸ್ ಬಂದಿದ್ದರು, ಕೊನೆಯ ಸಾಲಿನಲ್ಲಿ ಕೂತಿದ್ದರು. ನಾನು ಕೋಲು ಎತ್ತಿದೆ. ಬಸ್ಸಿನ ಸದ್ದಿನ ನಡುವೆಯೂ ಪಿಪಾ ಸಾಲಿನಿಂದ ಆ 'ಹ್ಹ' ಕೇಳಿಸಿತು. ಮುಗಿದ ಮೇಲೆ ಅವರು ಹತ್ತಿರ ಬಂದು ನನ್ನ ಎಡಗೈ ಹಿಡಿದು ನೋಡಿದರು. "ಇದಕ್ಕೂ ಕೆಲಸ ಕಲಿಸಬೇಕು. ಶುಕ್ರವಾರ ಒಂದು ಗಂಟೆ ಮುಂಚೆ ಬಾ" ಅಂದರು.